ಜನಜಂಗುಳಿ ಇಲ್ಲದ ಕಡಲು ಎಲ್ಲಿದೆ?

‘ಯಾರಿಗೂ ಗೊತ್ತಿಲ್ಲದ ಬೀಚ್’ ಎಂಬ ತಲೆಬರಹದ ವಿಡಿಯೊ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದನ್ನು ಸಾವಿರಾರು ಜನ ನೋಡಿ ಮುಗಿಸಿರುತ್ತಾರೆ. ಮುಂದಿನ ಭಾನುವಾರ ಅವರಲ್ಲಿ ನೂರು ಮಂದಿ ಕಾರು ಹತ್ತಿದರೆ ಸಾಕು, ತಲೆಬರಹ ಸುಳ್ಳಾಯಿತು. ಆದರೂ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಒಂದು ದಿನ ಕಡಲ ಬದಿಯಲ್ಲಿ ನೆಮ್ಮದಿಯಾಗಿ ಕಳೆದು ಬರಬೇಕೆನ್ನುವವರು ಮೊದಲು ಕೇಳುವುದು ಹೆಸರನ್ನೇ. ಮಲ್ಪೆ ಬೇಡ, ಮುರ್ಡೇಶ್ವರ ಬೇಡ, ಓಂ ಬೀಚೂ ಬೇಡ, ಹಾಗಾದರೆ ಯಾವುದು? ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಎಂದು ನನಗನ್ನಿಸುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಜನರಿಲ್ಲದ ತೀರಕ್ಕೆ ಬರವಿಲ್ಲ, ಅದು ಎಲ್ಲೋ ಅಡಗಿಯೂ ಇಲ್ಲ. ಜನ ಎಲ್ಲಿ ಸೇರುತ್ತಾರೆ, ಯಾವ ಹೊತ್ತಿನಲ್ಲಿ ಸೇರುತ್ತಾರೆ, ಯಾಕೆ ಅಲ್ಲೇ ಸೇರುತ್ತಾರೆ ಎಂಬುದು ಗೊತ್ತಾದರೆ, ಹೆಸರು ಮಾಡಿದ ಊರಿನ ಮಗ್ಗುಲಲ್ಲೇ ಖಾಲಿ ದಂಡೆ ಸಿಗುತ್ತದೆ. ಅದು ಗೊತ್ತಿಲ್ಲದಿದ್ದರೆ ಹೊಸ ಹೆಸರಿನ ಊರಿಗೆ ಹೋದರೂ ಹಳೆಯ ಗದ್ದಲವೇ ಎದುರಾಗುತ್ತದೆ.

ಒಂದು ಒರಟು ಲೆಕ್ಕ ಹಾಕೋಣ. ಮಂಗಳೂರಿನ ದಕ್ಷಿಣದ ತಲಪಾಡಿಯಿಂದ ಕಾರವಾರದ ಉತ್ತರದ ಮಾಜಾಳಿಯವರೆಗೆ ನಮ್ಮ ಕರಾವಳಿ ಸುಮಾರು 320 ಕಿಲೋಮೀಟರ್. ಇದರಲ್ಲಿ ಬಂದರು, ಬಂಡೆ, ನದಿಗಳ ಅಳಿವೆ, ಕಡಲ್ಕೊರೆತ ತಡೆಯಲು ಸುರಿದ ಕಲ್ಲಿನ ರಾಶಿ, ಅರಗಾ ಕಡೆಯ ಸೀಬರ್ಡ್ ನೌಕಾನೆಲೆಯೊಳಗೆ ಸೇರಿಹೋದ ಕೊಲ್ಲಿಗಳು ಎಲ್ಲವನ್ನೂ ಕಳೆದು ಅರ್ಧ ಮಾತ್ರ ಉಳಿಯಿತು ಎಂದೇ ಇಟ್ಟುಕೊಳ್ಳೋಣ. ಆಗಲೂ ಕೈಯಲ್ಲಿ 160 ಕಿಲೋಮೀಟರ್ ಇದೆ. ಪ್ರವಾಸದ ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುವ ಬೀಚುಗಳು ಇಪ್ಪತ್ತು ಎಂದಿರಲಿ, ಒಂದೊಂದರಲ್ಲೂ ಜನ ತುಂಬುವ ಜಾಗ ಅರ್ಧ ಕಿಲೋಮೀಟರ್ ಎಂದಿರಲಿ. ಒಟ್ಟು ಹತ್ತು ಕಿಲೋಮೀಟರ್ ಆಯಿತು. ಅಂಕಿಗಳನ್ನು ದುಪ್ಪಟ್ಟು ಮಾಡಿದರೂ, ಮೂರುಪಟ್ಟು ಮಾಡಿದರೂ ಚಿತ್ರ ಬದಲಾಗುವುದಿಲ್ಲ. ಇಡೀ ನಾಡಿನ ಪ್ರವಾಸಿಗರು ಕರಾವಳಿಯ ಒಂದು ಸಣ್ಣ ಚೂರಿನ ಮೇಲೆ ಒತ್ತಿಕೊಂಡು ನಿಂತಿದ್ದಾರೆ, ಉಳಿದ ಹೊಯ್ಗೆ ತನ್ನ ಪಾಡಿಗೆ ತಾನು ಬಿದ್ದುಕೊಂಡಿದೆ.

ಒತ್ತಿಕೊಂಡು ನಿಲ್ಲುವುದಕ್ಕೆ ಕಾರಣ ಕಡಲ ಚೆಲುವಿಗಿಂತ ಹೆಚ್ಚಾಗಿ ರಸ್ತೆ. ರಾಷ್ಟ್ರೀಯ ಹೆದ್ದಾರಿ 66 ಕರಾವಳಿಯುದ್ದಕ್ಕೂ ಸಾಗಿದರೂ ಬಹುಪಾಲು ಕಡಲಿನಿಂದ ಒಂದೆರಡು ಕಿಲೋಮೀಟರಾದರೂ ಒಳಗೇ ಇರುತ್ತದೆ. ಮರವಂತೆಯಲ್ಲಾದರೋ ಒಂದು ಬದಿಗೆ ಸೌಪರ್ಣಿಕಾ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಹೆದ್ದಾರಿ. ಅಲ್ಲಿ ಕಾರಿನಿಂದ ಇಳಿಯದೆಯೂ ಕಡಲು ಕಾಣುತ್ತದೆ, ಹಾಗಾಗಿ ಹಾದುಹೋಗುವವರೆಲ್ಲ ನಿಲ್ಲುತ್ತಾರೆ. ಅದೇ ದಂಡೆ ಬೈಂದೂರಿನತ್ತ ಸಾಗಿ, ಹೆದ್ದಾರಿ ಒಳಕ್ಕೆ ತಿರುಗುತ್ತಿದ್ದಂತೆ, ಜನ ತೆಳುವಾಗುತ್ತಾರೆ. ಗೋಕರ್ಣದಲ್ಲಿ ಇದು ಇನ್ನೂ ಸ್ಪಷ್ಟ. ಬಂದವರೆಲ್ಲ ದೇವಸ್ಥಾನದ ಎದುರಿನ ತೀರದಿಂದ ದಕ್ಷಿಣಕ್ಕೆ ಕುಡ್ಲೆಗೆ, ಓಂ ಬೀಚಿಗೆ ಹೋಗುತ್ತಾರೆ, ಅಲ್ಲೇ ಹೋಟೆಲುಗಳೂ ಇವೆ. ಓಂ ಬೀಚಿನ ತಲೆಯವರೆಗೆ ವಾಹನ ಹೋಗುತ್ತದೆ, ಆಚೆಯ ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಗುಡ್ಡ ಹತ್ತಿಳಿಯಬೇಕು ಇಲ್ಲವೇ ದೋಣಿ ಹಿಡಿಯಬೇಕು. ಆ ಒಂದು ಗುಡ್ಡಕ್ಕೆ ಜನಸಂದಣಿ ಸೋಸಿಹೋಗುತ್ತದೆ. ಇನ್ನು ದೇವಸ್ಥಾನದ ಎದುರಿನಿಂದ ಉತ್ತರಕ್ಕೆ, ದುಬ್ಬನಸಸಿ ದಾಟಿ ಗಂಗಾವಳಿ ಅಳಿವೆಯವರೆಗೆ ಹಾಸಿಕೊಂಡಿರುವ ಉದ್ದನೆಯ ಹೊಯ್ಗೆಯ ಕಡೆಗೆ ಮುಖ ಮಾಡುವವರು ಕಡಿಮೆ. ಅದೇ ಊರು, ಅದೇ ಕಡಲು, ತಿರುಗಿದ ದಿಕ್ಕು ಮಾತ್ರ ಬೇರೆ. ವಾಹನ ನಿಲ್ಲುವ ಜಾಗದಿಂದ ಹದಿನೈದು ನಿಮಿಷ ಬದಿಗೆ ನಡೆದರೆ ಎಂಥ ಹೆಸರಾಂತ ತೀರವೂ ಖಾಲಿಯಾಗತೊಡಗುತ್ತದೆ. ಐಸ್‌ಕ್ರೀಂ ಗಾಡಿ ಹೊಯ್ಗೆಯ ಮೇಲೆ ಅಷ್ಟು ದೂರ ಬರುವುದಿಲ್ಲ, ಅದರ ಹಿಂದೆ ಬರುವ ಜನರೂ ಬರುವುದಿಲ್ಲ.

ಎಲ್ಲಿ ಹುಡುಕಬೇಕು ಎಂಬುದಕ್ಕೆ ಭೂಗೋಳ ನೆರವಾಗುತ್ತದೆ. ಉತ್ತರ ಕನ್ನಡದಲ್ಲಿ ಘಟ್ಟ ಕಡಲಿಗೆ ಹತ್ತಿರ. ಅದರ ಚಾಚುಗಳು ನೀರಿನವರೆಗೂ ಇಳಿದುಬಂದು ಕಡಲನ್ನು ಸಣ್ಣ ಸಣ್ಣ ಕೊಲ್ಲಿಗಳಾಗಿ ಕತ್ತರಿಸಿವೆ. ಕುಮಟಾದ ವನ್ನಳ್ಳಿ, ಕಡ್ಲೆ, ಕಾಗಾಲ, ಕಾರವಾರದಾಚೆ ಎಳ್ಳಿನಂಥ ಕಪ್ಪು ಮರಳಿನ ತಿಳಮಾತಿ ಎಲ್ಲ ಇದೇ ಬಗೆಯವು. ಎರಡು ಕಡೆ ಮುರಕಲ್ಲಿನ ಗುಡ್ಡ, ನಡುವೆ ಬಿಲ್ಲಿನಂತೆ ಬಾಗಿದ ಹೊಯ್ಗೆ. ಒಂದು ಕೊಲ್ಲಿಯ ಗದ್ದಲ ಗುಡ್ಡ ದಾಟಿ ಇನ್ನೊಂದಕ್ಕೆ ಕೇಳುವುದಿಲ್ಲ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಘಟ್ಟ ದೂರ ಸರಿದಿದೆ, ತೀರ ನೇರವಾಗಿ ಕಿಲೋಮೀಟರುಗಟ್ಟಲೆ ಹರಿಯುತ್ತದೆ. ಇಲ್ಲಿ ಮೌನವನ್ನು ಕಾಯುವುದು ಹೊಳೆ. ನೇರವಾಗಿ ಕಡಲು ಸೇರಲಾಗದ ಹೊಳೆಗಳು ದಂಡೆಗೆ ಸಮಾನಾಂತರವಾಗಿ ಒಂದಿಷ್ಟು ದೂರ ಹರಿದು ನಡುವೆ ಉದ್ದನೆಯ ಮರಳುದಿಣ್ಣೆಯನ್ನು ಉಳಿಸಿವೆ. ಸುವರ್ಣಾ ಮತ್ತು ಸೀತಾ ಹೊಳೆಗಳು ಕಡಲು ಸೇರುವಲ್ಲಿನ ಕೋಡಿಬೆಂಗ್ರೆ, ಉದ್ಯಾವರ ಹೊಳೆ ಮತ್ತು ಕಡಲಿನ ನಡುವಿನ ಪಡುಕೆರೆ, ಶಾಂಭವಿ ಮತ್ತು ನಂದಿನಿ ಸೇರುವ ಸಸಿಹಿತ್ಲು, ಪಂಚಗಂಗಾವಳಿಯ ಪಕ್ಕದ ಕುಂದಾಪುರದ ಕೋಡಿ ಇವಕ್ಕೆ ಉದಾಹರಣೆ. ಇಂಥ ಕಡೆ ಹೋಗಲು ಒಂದೇ ದಾರಿ, ಅದೂ ಕಿರಿದು. ಸೇತುವೆ ಬಂದಮೇಲೆ ಪಡುಕೆರೆಗೆ ಜನ ಹೆಚ್ಚಿದ್ದಾರೆ, ಆದರೂ ಮಲ್ಪೆಯ ಕೂಗಳತೆಯಲ್ಲಿದ್ದು ಮಲ್ಪೆಯಾಗಿಲ್ಲ. ಮನೆಯಲ್ಲೇ ಕುಳಿತು ಉಪಗ್ರಹ ನಕ್ಷೆ ತೆರೆದರೆ ಈ ಲಕ್ಷಣಗಳೆಲ್ಲ ಕಾಣುತ್ತವೆ. ಹೆದ್ದಾರಿಯಿಂದ ದೂರ ಎಷ್ಟು, ರಸ್ತೆ ಹೊಯ್ಗೆಗೆ ಮುಟ್ಟುತ್ತದೆಯೋ ತೆಂಗಿನ ತೋಟದಲ್ಲಿ ಮುಗಿಯುತ್ತದೆಯೋ, ನೀರಿನಂಚಿನಲ್ಲಿ ಬಿಳಿ ಪಟ್ಟಿಯಿದೆಯೋ ಕಪ್ಪು ಗೆರೆಯಿದೆಯೋ ನೋಡಬೇಕು. ಕಪ್ಪು ಗೆರೆ ಎಂದರೆ ಸಾಮಾನ್ಯವಾಗಿ ಕಲ್ಲಿನ ತಡೆಗೋಡೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಚಿತ್ರಗಳನ್ನು ಹೋಲಿಸಿ, ದೇಶದ ಕಡಲತೀರದಲ್ಲಿ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಕಂಡುಕೊಂಡಿತ್ತು. ಹಳೆಯ ನೆನಪಿನ ಮೇಲೆ ಹೊರಟವರಿಗೆ ಹೊಯ್ಗೆಯ ಬದಲು ಬಂಡೆರಾಶಿ ಸಿಗುವುದು ಹೀಗೆ.

ಜಾಗಕ್ಕಿಂತಲೂ ದೊಡ್ಡ ಗುಟ್ಟು ಹೊತ್ತು. ನಮ್ಮದು ಪಡುವಣ ಕಡಲು, ಸೂರ್ಯ ಮುಳುಗುವುದು ನೀರಿನಲ್ಲಿ. ಆದ್ದರಿಂದ ಕಡಲೆಂದರೆ ಸಂಜೆ ಎಂಬ ನಂಬಿಕೆ ಬೇರೂರಿದೆ, ನಾಲ್ಕರಿಂದ ಏಳರವರೆಗೆ ಎಲ್ಲ ತೀರಗಳೂ ತುಂಬುತ್ತವೆ. ಆದರೆ ಮಕ್ಕಳಿಗೂ ವಯಸ್ಸಾದವರಿಗೂ ಹಿತವಾದ ಹೊತ್ತು ಇದಕ್ಕೆ ತದ್ವಿರುದ್ಧವಾದದ್ದು. ಬೆಳಿಗ್ಗೆ ಸೂರ್ಯ ಘಟ್ಟದ ಕಡೆಯಿಂದ ಏರುವುದರಿಂದ ದಂಡೆಯ ಹಿಂದಿನ ತೆಂಗು, ಗಾಳಿಮರಗಳ ನೆರಳು ಉದ್ದಕ್ಕೆ ಕಡಲ ಕಡೆಗೇ ಬೀಳುತ್ತದೆ. ಬೆಳಕು ಬೆನ್ನಿಗಿರುವುದರಿಂದ ನೀರು ಕಣ್ಣು ಕುಕ್ಕುವುದಿಲ್ಲ. ಚಳಿಗಾಲದ ತಿಂಗಳುಗಳಲ್ಲಿ ರಾತ್ರಿ ತಣ್ಣಗಾದ ನೆಲದಿಂದ ಬೆಚ್ಚಗಿನ ಕಡಲ ಕಡೆಗೆ ಗಾಳಿ ಬೀಸುತ್ತದೆ, ಅಲೆ ಮೆತ್ತಗಿರುತ್ತದೆ. ಹತ್ತು, ಹನ್ನೊಂದು ಗಂಟೆಗೆ ನೆಲ ಕಾದು ಗಾಳಿಯ ದಿಕ್ಕು ಮಗುಚಿದ ಮೇಲೆ ಕಡಲು ಎದ್ದು ನಿಲ್ಲುತ್ತದೆ. ಆರೂವರೆಗೆ ಹೊಯ್ಗೆಯ ಮೇಲಿದ್ದು ಹತ್ತಕ್ಕೆ ಎದ್ದು ಹೊರಟವರಿಗೆ ಪಣಂಬೂರೂ ಕಾಪುವೂ ಬೇರೆಯೇ ಊರಾಗಿ ಕಾಣುತ್ತವೆ. ಸೂರ್ಯಾಸ್ತ ತಪ್ಪಿಹೋಯಿತಲ್ಲ ಎನ್ನುವವರಿಗೆ ಸಮಾಧಾನ ಹೇಳುವುದು ಕಷ್ಟ. ಎರಡರಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕು.

ದಿನದ ಲೆಕ್ಕದಂತೆ ವರ್ಷದ ಲೆಕ್ಕವೂ ಇದೆ. ಜೂನ್ ಮೊದಲ ದಿನದಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಮೀನುಗಾರರೇ ದೋಣಿ ಎಳೆದಿಟ್ಟ ಕಾಲದಲ್ಲಿ ಮಕ್ಕಳನ್ನು ನೀರಿನ ಹತ್ತಿರ ಕರೆದೊಯ್ಯುವ ಮಾತೇ ಇಲ್ಲ. ಸೆಪ್ಟೆಂಬರ್ ಮುಗಿಯುವವರೆಗೂ ಕಡಲು ಪೂರ್ತಿ ಇಳಿದಿರುವುದಿಲ್ಲ. ಅಕ್ಟೋಬರಿನಲ್ಲಿ ದಸರಾ ರಜೆ, ಡಿಸೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳ ಸಾಲು, ಏಪ್ರಿಲ್-ಮೇ ಬೇಸಿಗೆ ರಜೆ ಮತ್ತು ಉರಿಬಿಸಿಲು. ಉಳಿಯುವುದು ನವೆಂಬರಿನ ವಾರದ ದಿನಗಳು, ಮತ್ತೆ ಫೆಬ್ರುವರಿ ಹಾಗೂ ಮಾರ್ಚ್‌ನ ಆರಂಭ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳ ಭಯ ನಾಡಿನ ಮನೆಗಳನ್ನು ಕಟ್ಟಿಹಾಕುವ ಆ ವಾರಗಳಲ್ಲಿ ಚಿಕ್ಕ ಮಕ್ಕಳಿರುವವರಿಗೆ ಕರಾವಳಿ ಬಹುಮಟ್ಟಿಗೆ ಖಾಲಿ ಸಿಗುತ್ತದೆ, ಕಡಲೂ ಶಾಂತವಾಗಿರುತ್ತದೆ. ದೂರದ ಪ್ರಶ್ನೆಯೂ ಇಲ್ಲಿ ಬರುತ್ತದೆ. ಶಿರಸಿಯಿಂದ ಕುಮಟಾಕ್ಕೆ ಅರುವತ್ತು ಕಿಲೋಮೀಟರ್ ಆಸುಪಾಸು, ಬೆಳಗ್ಗೆ ಬೇಗ ಹೊರಟರೆ ಸಾಕು. ಹುಬ್ಬಳ್ಳಿ, ಶಿವಮೊಗ್ಗದವರು ಇನ್ನೂ ಕತ್ತಲಿರುವಾಗಲೇ ಹೊರಡಬೇಕು. ಬೆಂಗಳೂರಿನವರು ಇದನ್ನು ಒಂದೇ ದಿನದಲ್ಲಿ ಕಾರಿನಲ್ಲಿ ಮುಗಿಸುತ್ತೇವೆಂದರೆ ಅದು ಕಡಲಿಗಿಂತ ಶಿರಾಡಿ ಘಾಟಿಯ ಪ್ರವಾಸವಾಗುತ್ತದೆ. ಅವರಿಗೆ ರಾತ್ರಿ ರೈಲೇ ದಾರಿ. ಮಂಗಳೂರು-ಮಡಗಾಂವ್ ನಡುವಿನ ಪ್ಯಾಸೆಂಜರ್ ರೈಲುಗಳು ಪಡುಬಿದ್ರಿ, ಬಾರಕೂರು, ಮಂಕಿ, ಹಾರವಾಡದಂಥ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುತ್ತವೆ ಎಂಬುದು ಕಾರಿನವರಿಗೆ ಮರೆತೇಹೋಗಿದೆ.

ಭರತ-ಇಳಿತದ ಲೆಕ್ಕ ನೋಡಿಕೊಳ್ಳದೆ ಹೊರಡುವುದು ಮಾತ್ರ ತಪ್ಪು. ಕಡಲು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ, ಮತ್ತು ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತದ ಅಂತರ ಹೆಚ್ಚು. ಉತ್ತರ ಕನ್ನಡದ ಸಣ್ಣ ಕೊಲ್ಲಿಗಳಲ್ಲಿ ಇಳಿತದ ಹೊತ್ತಿಗೆ ಅಗಲವಾಗಿ ತೆರೆದುಕೊಂಡ ಹೊಯ್ಗೆ ಭರತದಲ್ಲಿ ಕಿರಿದಾಗಿ ಗುಡ್ಡದ ಬುಡಕ್ಕೆ ಅಂಟಿಕೊಳ್ಳುತ್ತದೆ. ಬಂಡೆ ಸುತ್ತಿ ಪಕ್ಕದ ಕೊಲ್ಲಿಗೆ ಹೋದವರು ಬಂದ ದಾರಿ ಮುಳುಗಿ ಸಿಕ್ಕಿಹಾಕಿಕೊಳ್ಳುವುದು ಈ ಕಾರಣಕ್ಕೆ. ಇಳಿಯುತ್ತಿರುವ ನೀರಿನ ಹೊತ್ತಿಗೆ ಹೋಗಿ, ಏರಲು ಶುರುವಾಗುವ ಮೊದಲು ಮರಳುವುದು ಸರಳ ಲೆಕ್ಕ. ಆ ಹೊತ್ತಿನಲ್ಲಿ ಬಂಡೆಗಳ ನಡುವಿನ ಗುಂಡಿಗಳಲ್ಲಿ ಸಿಗಡಿ ಮರಿ, ಏಡಿ, ಚಿಪ್ಪುಗಳನ್ನು ನೋಡುವುದರಲ್ಲೇ ಮಕ್ಕಳ ಎರಡು ಗಂಟೆ ಕಳೆಯುತ್ತದೆ. ಭರತ-ಇಳಿತದ ವೇಳೆ ಈಗ ಮೊಬೈಲಿನಲ್ಲೇ ಸಿಗುತ್ತದೆ. ಅಲೆಗಳ ಮುನ್ನೆಚ್ಚರಿಕೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುತ್ತದೆ. ಹೊರಡುವ ಹಿಂದಿನ ರಾತ್ರಿ ಎರಡನ್ನೂ ನೋಡಿಕೊಂಡರಾಯಿತು.

ಇಷ್ಟಾದ ಮೇಲೆ ಬರುವ ಆಕ್ಷೇಪ ಗಟ್ಟಿಯಾದದ್ದು. ಜನರಿಲ್ಲದ ಕಡೆ ಜೀವರಕ್ಷಕರೂ ಇರುವುದಿಲ್ಲ, ಮಕ್ಕಳನ್ನು ಕರೆದುಕೊಂಡು ಅಂಥಲ್ಲಿಗೆ ಹೋಗುವುದು ತಿಳಿಗೇಡಿತನವಲ್ಲವೇ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದಕ್ಕಿಂತ ಹೆಚ್ಚಿನ ಕಹಿಸತ್ಯವೊಂದಿದೆ. ಜನರನ್ನು ದೂರವಿಡುವ ಭೂಗೋಳವೇ ಈಜುವವರನ್ನು ಒಳಕ್ಕೆಳೆಯುವ ಭೂಗೋಳವೂ ಹೌದು. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೊಳೆಯ ನೀರೂ ಕಡಲ ನೀರೂ ಒಟ್ಟಾಗಿ ಹೊರಕ್ಕೆ ನುಗ್ಗುತ್ತವೆ. ಗುಡ್ಡದ ಚಾಚಿನ ಬದಿಯಲ್ಲಿ ಅಲೆಗಳು ತಂದು ಸುರಿದ ನೀರು ಬಂಡೆಗೆ ಒತ್ತಿಕೊಂಡೇ ಹಿಂದಿರುಗುತ್ತದೆ. ನೇರ ತೀರದಲ್ಲೂ ಮರಳುದಿಬ್ಬಗಳ ನಡುವಿನ ಕಿಂಡಿಯಲ್ಲಿ ಇಂಥದೇ ಸೆಳೆತ ಹುಟ್ಟುತ್ತದೆ. ಹೊಸಬರ ಕಣ್ಣಿಗೆ ಅದು ಮೋಸ ಮಾಡುತ್ತದೆ, ಏಕೆಂದರೆ ಎರಡೂ ಬದಿ ಅಲೆ ನೊರೆಯಾಗಿ ಒಡೆಯುತ್ತಿರುವಾಗ ಸೆಳೆತದ ಜಾಗದಲ್ಲಿ ಮಾತ್ರ ನೀರು ಸಮತಟ್ಟಾಗಿ, ಶಾಂತವಾಗಿ ಕಾಣುತ್ತದೆ. ‘ಇಲ್ಲಿ ಅಲೆಯಿಲ್ಲ, ಮಕ್ಕಳು ಆಡಲಿ’ ಎಂದು ಅಪ್ಪ-ಅಮ್ಮ ಆರಿಸುವುದು ಅದೇ ಜಾಗವನ್ನು. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಎದುರು ಈಜಿ ದಣಿಯಬಾರದು, ದಂಡೆಗೆ ಸಮಾನಾಂತರವಾಗಿ ಬದಿಗೆ ಸರಿದು ಆಮೇಲೆ ದಡಕ್ಕೆ ತಿರುಗಬೇಕು ಎಂಬುದು ಸರಿಯಾದ ತಿಳಿವಳಿಕೆ. ಆದರೆ ಈಜು ಬಾರದ ಮಗುವಿಗೆ ಈ ತಿಳಿವಳಿಕೆಯಿಂದ ಏನೂ ಪ್ರಯೋಜನವಿಲ್ಲ.

ಹಾಗೆಂದು ಜನ ತುಂಬಿದ ತೀರ ಸುರಕ್ಷಿತ ಎನ್ನುವುದೂ ಭ್ರಮೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು ಮುರ್ಡೇಶ್ವರದಲ್ಲಿ, ರಾಜ್ಯದ ಅತಿ ಹೆಚ್ಚು ಜನ ಸೇರುವ ತೀರಗಳಲ್ಲೊಂದರಲ್ಲಿ. ಜನಸಂದಣಿ ಕಡಲಿನ ಸೆಳೆತವನ್ನು ತಗ್ಗಿಸುವುದಿಲ್ಲ, ಹೆಚ್ಚೆಂದರೆ ನಮ್ಮ ಎಚ್ಚರವನ್ನು ತಗ್ಗಿಸುತ್ತದೆ. ಆದ್ದರಿಂದ ನನ್ನ ಉತ್ತರ ಇದು: ಸ್ನಾನವನ್ನೂ ತಿರುಗಾಟವನ್ನೂ ಬೇರೆ ಮಾಡಬೇಕು. ಮಕ್ಕಳು ನೀರಿಗಿಳಿಯಲೇಬೇಕೆಂದಿದ್ದರೆ ಕಾವಲುಗಾರರಿರುವ, ಬಾವುಟ ನೆಟ್ಟಿರುವ ಜಾಗದಲ್ಲಿ, ಅವರು ಹೇಳಿದ ಗಡಿಯೊಳಗೆ ಮಾತ್ರ. ನಡಿಗೆ, ಮರಳಿನ ಆಟ, ಬುತ್ತಿ, ನಿದ್ದೆ ಎಲ್ಲ ಖಾಲಿ ತೀರದಲ್ಲಿ, ಪಾದ ಮುಳುಗುವಷ್ಟೇ ನೀರಿನಲ್ಲಿ. ಇದು ಹೇಳಲು ಸುಲಭ, ಮಕ್ಕಳ ಹಟದ ಮುಂದೆ ಪಾಲಿಸುವುದು ಕಷ್ಟ. ಹಾಗಾಗಿಯೇ ನಿಯಮವನ್ನು ಮನೆಯಲ್ಲೇ, ಹೊರಡುವ ಮೊದಲೇ ಹೇಳಿ ಮುಗಿಸಬೇಕು.

ಹೀಗೆ ಜೋಡಿ ಮಾಡಲು ನಮ್ಮ ಕರಾವಳಿ ಅನುಕೂಲವಾಗಿಯೇ ಇದೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮನ್ನಣೆ ಪಡೆದವು. ಡೆನ್ಮಾರ್ಕಿನಲ್ಲಿ ನೆಲೆಯಿರುವ ಸಂಸ್ಥೆಯೊಂದು ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ, ಸೌಕರ್ಯ ಇತ್ಯಾದಿ 33 ಮಾನದಂಡಗಳನ್ನು ಪರೀಕ್ಷಿಸಿ ಇದನ್ನು ಕೊಡುತ್ತದೆ. ಇಂಥ ತೀರಗಳು ಬೇಲಿ, ಟಿಕೆಟ್ಟು, ಕೃತಕ ಹಸಿರಿನಿಂದ ಉದ್ಯಾನದಂತೆ ಕಾಣುತ್ತವೆ, ಸಹಜ ಕಡಲು ಅದಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಮೂಗು ಮುರಿಯಲಿ, ಆದರೆ ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಸ್ನಾನ, ಶೌಚಾಲಯ, ಕಾವಲು ಇರುವುದು ಅಲ್ಲಿಯೇ. ಬೆಳಗ್ಗೆ ಕಾಸರಕೋಡಿನಲ್ಲಿ ನೀರಾಟ ಮುಗಿಸಿ, ದಕ್ಷಿಣಕ್ಕೆ ಅಪ್ಸರಕೊಂಡದ ಕಡೆ ಹೋದರೆ ಬೇಲಿಯಿಲ್ಲದ ಹೊಯ್ಗೆ ಕಾದಿರುತ್ತದೆ. ಮಲ್ಪೆಯೊಂದಿಗೆ ಪಡುಕೆರೆಯನ್ನು, ಗೋಕರ್ಣದ ಜೊತೆಗೆ ಅದರ ಉತ್ತರದ ದಂಡೆಯನ್ನು ಹೀಗೆಯೇ ಕೂಡಿಸಬಹುದು. ಕುಮಟಾದ ಕಡೆ ಕಡಲಿನ ಬದಲು ಅಘನಾಶಿನಿ ಅಳಿವೆಯನ್ನೇ ನೋಡಬಹುದು. 2024ರಲ್ಲಿ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಊರವರು ಸೊಂಟಮಟ್ಟ ನೀರಿನಲ್ಲಿ ಚಿಪ್ಪಿ ಹೆಕ್ಕುತ್ತಾರೆ, ತದಡಿಯಿಂದ ಆಚೆ ದಡಕ್ಕೆ ದೋಣಿಯೂ ಇದೆ. ಅಣೆಕಟ್ಟು ಕಾಣದ ಹೊಳೆ ಕಡಲು ಸೇರುವುದನ್ನು ನೋಡಲು ನಮ್ಮಲ್ಲಿ ಹೆಚ್ಚು ಜಾಗಗಳಿಲ್ಲ.

ಇನ್ನೊಂದು ಆಕ್ಷೇಪ ಹೆಂಗಸರದು, ಅದಕ್ಕೆ ಪೂರ್ತಿ ಉತ್ತರ ನನ್ನ ಬಳಿ ಇಲ್ಲ. ಖಾಲಿ ತೀರದಲ್ಲಿ ಶೌಚಾಲಯವಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ, ಗಾಳಿಮರದ ತೋಪಿನಲ್ಲಿ ಕುಡಿದು ಒಡೆದ ಬಾಟಲಿಗಳು ಮತ್ತು ಕೆಲವೊಮ್ಮೆ ಕುಡಿದವರು. ಮೊದಲಿನ ಎರಡಕ್ಕೆ ಇರುವ ಪರಿಹಾರ ಸಣ್ಣದು. ತೀರದಲ್ಲಿ ಕಳೆಯುವುದು ಎರಡು ಮೂರು ಗಂಟೆಯಷ್ಟೇ ಆಗುವಂತೆ ದಿನವನ್ನು ಕತ್ತರಿಸಿ, ಹೋಗುವ ಮುನ್ನ ಮತ್ತು ಬಂದ ಮೇಲೆ ಪೇಟೆಯ ಹೋಟೆಲು, ರೈಲು ನಿಲ್ದಾಣಗಳನ್ನು ನೆಚ್ಚಬೇಕು. ಕುಡುಕರ ಕಾಟಕ್ಕೆ ಪರಿಹಾರ ಜಾಗದ ಆಯ್ಕೆಯಲ್ಲಿದೆ. ಮನೆಮಂದಿ ಹುಡುಕಬೇಕಾದದ್ದು ಪ್ರವಾಸಿಗರಿಲ್ಲದ ತೀರವನ್ನು, ಮನುಷ್ಯರೇ ಇಲ್ಲದ ತೀರವನ್ನಲ್ಲ. ಬಲೆ ಹೆಣೆಯುವ, ಮೀನು ಒಣಗಿಸುವ, ಮಕ್ಕಳು ಶಾಲೆಗೆ ಹೊರಡುವ ಒಂದು ಕೇರಿ ಬೆನ್ನಿಗಿದ್ದರೆ ಪುಂಡರು ಅಲ್ಲಿ ಬಿಡಾರ ಹೂಡುವುದು ಕಡಿಮೆ. ಬೆಳಗಿನ ಹೊತ್ತು ಇಲ್ಲೂ ಕಾಪಾಡುತ್ತದೆ, ರಾತ್ರಿ ಕುಡಿದವರು ಏಳು ಗಂಟೆಗೆ ಏಳುವುದಿಲ್ಲ.

ಆ ಕೇರಿಯವರಿಗೆ ಅದು ಬೀಚ್ ಅಲ್ಲ, ಅಂಗಳ ಮತ್ತು ಕಾರ್ಖಾನೆ. ಮೊಗವೀರರು, ಖಾರ್ವಿಗಳು, ಹರಿಕಾಂತರು, ಅಂಬಿಗರು ದೋಣಿ ಎಳೆದು, ಬಲೆ ಹರವಿ ಬದುಕು ನಡೆಸುವ ಜಾಗ. ಕೈರಂಪಣಿ ಬಲೆ ಇನ್ನೂ ಹಾಕುವ ಊರುಗಳಲ್ಲಿ ಎರಡು ಸಾಲು ಜನ ದಡದಿಂದಲೇ ಹಗ್ಗ ಹಿಡಿದು ಅರ್ಧವೃತ್ತದ ಬಲೆಯನ್ನು ಎಳೆದು ತರುತ್ತಾರೆ. ಎಪ್ಪತ್ತರ ದಶಕದ ನಡುವಿನಲ್ಲಿ ಸುತ್ತುಬಲೆಯ ಪರ್ಸೀನ್ ದೋಣಿಗಳು ಬರುವವರೆಗೆ ಬಂಗುಡೆ, ಬೂತಾಯಿಯ ಹಿಂಡನ್ನು ದಡಕ್ಕೆ ತರುತ್ತಿದ್ದುದು ಮುಖ್ಯವಾಗಿ ರಂಪಣಿಯೇ. ಅದನ್ನು ಮಕ್ಕಳಿಗೆ ತೋರಿಸಬಹುದು, ದೂರ ನಿಂತು, ಬಲೆ ತುಳಿಯದೆ, ಮುಖದ ಮುಂದೆ ಮೊಬೈಲ್ ಹಿಡಿಯುವ ಮೊದಲು ಒಂದು ಮಾತು ಕೇಳಿ. ‘ಅಣ್ಣಾ, ಇಲ್ಲಿ ನೀರಿಗೆ ಇಳಿಯಬಹುದಾ?’ ಎಂದು ಕೇಳಿದರೆ ಯಾವ ಆ್ಯಪೂ ಹೇಳದ ಉತ್ತರ ಸಿಗುತ್ತದೆ. ಮಳೆಗಾಲದಲ್ಲಿ ಗುಂಡಿ ಎಲ್ಲಿ ಬಿತ್ತು, ಈ ವರ್ಷ ಅಳಿವೆ ಎತ್ತ ಸರಿಯಿತು ಎಂಬುದು ಅವರಿಗೆ ಗೊತ್ತು. ಅವರು ಬೇಡ ಎಂದರೆ ಬೇಡ, ಅಲ್ಲಿ ಚರ್ಚೆಯಿಲ್ಲ.

ಕೆಡದ ತೀರ ಎಂದರೆ ಏನೆಂಬುದನ್ನೂ ಕೊಂಚ ತಿದ್ದಿಕೊಳ್ಳಬೇಕಿದೆ. ಜಾಹೀರಾತಿನ ಬಿಳಿ ಮರಳಿನ ಚಿತ್ರ ತಲೆಯಲ್ಲಿಟ್ಟುಕೊಂಡು ಹೋದವರಿಗೆ ನಿಜವಾದ ಖಾಲಿ ದಂಡೆ ಕೊಳಕಾಗಿ ಕಾಣಬಹುದು. ಅಲ್ಲಿ ಗುಡಿಸುವವರಿಲ್ಲ. ಮಳೆಗಾಲದಲ್ಲಿ ಹೊಳೆಗಳು ಊರೂರಿನ ಪ್ಲಾಸ್ಟಿಕ್ ತಂದು ಕಡಲಿಗೆ ಸುರಿಯುತ್ತವೆ, ಕಡಲು ಅದನ್ನು ದಡಕ್ಕೆ ಎಸೆಯುತ್ತದೆ. ಮಳೆಗಾಲದ ಮುಂಚೆ ಡಾಂಬರಿನ ಉಂಡೆಗಳೂ ಬಂದು ಬೀಳುವುದುಂಟು, ಮಕ್ಕಳ ಪಾದಕ್ಕೆ ಅಂಟಿದರೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಕು. ಕೊಳೆತ ಪಾಚಿ, ಮರದ ತುಂಡು, ಚಿಪ್ಪು ಕಂಡರೆ ಅದು ಕಸವಲ್ಲ. ಹೊಯ್ಗೆಯ ಮೇಲೆ ನೇರಳೆ ಹೂವಿನ ಬಳ್ಳಿ ಹಬ್ಬಿದೆಯೇ, ಏಡಿ ತೋಡಿದ ಬಿಲಗಳಿವೆಯೇ, ಜೀಪಿನ ಗಾಲಿ ಗುರುತಿಲ್ಲವೇ ಎಂಬುದನ್ನು ನೋಡಿದರೆ ತೀರದ ಆರೋಗ್ಯ ತಿಳಿಯುತ್ತದೆ. ಆ ಬಳ್ಳಿ ಮರಳನ್ನು ಹಿಡಿದಿಡುತ್ತದೆ, ಅದನ್ನು ಕಿತ್ತು ಬೆಂಚು ಹಾಕಿದಲ್ಲಿ ಮರಳು ಸಡಿಲವಾಗುತ್ತದೆ. ಚಳಿಗಾಲದಲ್ಲಿ ಹೊನ್ನಾವರದ ಕಾಸರಕೋಡು-ಟೊಂಕ ಮೊದಲಾದೆಡೆ ಆಲಿವ್ ರಿಡ್ಲಿ ಕಡಲಾಮೆಗಳು ರಾತ್ರಿ ಬಂದು ಮೊಟ್ಟೆಯಿಡುತ್ತವೆ. ಬೆಳಕು, ಗಲಾಟೆ, ವಾಹನ ಇರುವ ಕಡೆ ಅವು ದಡ ಹತ್ತದೆ ಹಿಂದಿರುಗುವುದುಂಟು. ಕತ್ತಲಾದ ಮೇಲೆ ಖಾಲಿ ತೀರದಲ್ಲಿ ಬೆಂಕಿ ಹಾಕಿ ಕುಣಿಯುವುದು ಬೇಡವೆನ್ನಲು ಇದೊಂದೇ ಕಾರಣ ಸಾಕು.

ಕೊನೆಯ ಆಕ್ಷೇಪ ನೇರವಾಗಿ ಈ ಬರಹದ ಮೇಲೆಯೇ. ಖಾಲಿ ತೀರಗಳ ಬಗ್ಗೆ ಬರೆದರೆ ಅವು ಖಾಲಿಯಾಗಿ ಉಳಿಯುತ್ತವೆಯೇ? ರವೀಂದ್ರನಾಥ ಟ್ಯಾಗೋರರು 1880ರ ದಶಕದ ಆರಂಭದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಕಾರವಾರದಲ್ಲಿ ಉಳಿದಿದ್ದರು. ಅಂದು ಅವರ ಮನಸ್ಸನ್ನು ಸೆಳೆದದ್ದು ಆ ತೀರದ ಏಕಾಂತ. ಇಂದು ಅವರ ಹೆಸರನ್ನೇ ಹೊತ್ತ ಆ ತೀರದ ಪಕ್ಕದಲ್ಲೇ ನಾಲ್ಕು ಪಥದ ಹೆದ್ದಾರಿ ಹಾದುಹೋಗುತ್ತದೆ. ಕಾರವಾರವನ್ನು ಬದಲಿಸಿದ್ದು ಬರಹವಲ್ಲ, ಬಂದರು, ಪೇಟೆ ಮತ್ತು ರಸ್ತೆ. ಇಲ್ಲಿ ಹೆಸರಿಸಿದ ಯಾವ ಊರೂ ನಕ್ಷೆಯಲ್ಲಿ ಇಲ್ಲದ್ದಲ್ಲ, ಹೆಸರು ಗೊತ್ತಿದ್ದೂ ಜನ ಅಲ್ಲಿಗೆ ಹೋಗದಿರುವುದಕ್ಕೆ ಕಾರಣ ಆ ಕೊನೆಯ ಅರ್ಧ ಕಿಲೋಮೀಟರ್ ನಡಿಗೆ. ಹಾಗಿರುವಾಗ ಪ್ರತಿ ತೀರಕ್ಕೂ ಕಾಂಕ್ರೀಟ್ ರಸ್ತೆ, ಹೊಯ್ಗೆಯ ಅಂಚಿನಲ್ಲೇ ವಾಹನ ನಿಲುಗಡೆ ಎಂಬ ಪ್ರವಾಸೋದ್ಯಮದ ಸೂತ್ರ, ತಾನು ಮಾರಲು ಹೊರಟ ಸರಕನ್ನೇ ಕೆಡಿಸುತ್ತದೆ. ಪಂಚಾಯಿತಿಗಳು ವಾಹನಗಳನ್ನು ಅರ್ಧ ಕಿಲೋಮೀಟರ್ ಹಿಂದೆ, ತೆಂಗಿನ ತೋಟದಾಚೆ ನಿಲ್ಲಿಸಿ, ನಿಲುಗಡೆ ಶುಲ್ಕದಿಂದ ಅಲ್ಲೇ ಒಂದು ಒಳ್ಳೆಯ ಶೌಚಾಲಯವನ್ನೂ ಬೊಂಡದ ಅಂಗಡಿಯನ್ನೂ ನಡೆಸಿದರೆ ಊರಿಗೆ ದುಡ್ಡೂ ಬರುತ್ತದೆ, ತೀರವೂ ಉಳಿಯುತ್ತದೆ. ನಡೆಯಲಾಗದ ಅಜ್ಜ-ಅಜ್ಜಿಯರ ಗತಿಯೇನು ಎಂದರೆ, ಅವರಿಗಾಗಿ ಊರಿನ ಒಂದೆರಡು ರಿಕ್ಷಾಗಳನ್ನು ಮಾತ್ರ ಹೊಯ್ಗೆಯ ಅಂಚಿನವರೆಗೆ ಬಿಡಬಹುದು, ಆ ಬಾಡಿಗೆಯೂ ಅದೇ ಕೇರಿಯಲ್ಲಿ ಉಳಿಯುತ್ತದೆ.